ಗೆಳೆಯನಿಗೊಂದು ಪತ್ರ: ಆಮೆಚಿಪ್ಪಿನ ಎಲೆಯ ಬಳ್ಳಿಗೆ ನೀರು ಹಾಕುವ ಮುನ್ನ

ಗೆಳೆಯಾ,

ನರ್ಸರಿಯಲ್ಲಿ ‘ಸ್ಟ್ರಿಂಗ್ ಆಫ್ ಟರ್ಟಲ್ಸ್’ (ಆಮೆಗಳ ಸರ) ಎಂದು ಕೊಟ್ಟ ನಿನ್ನ ಪುಟ್ಟ ಬಳ್ಳಿಯ ವೈಜ್ಞಾನಿಕ ಹೆಸರು ಪೆಪರೋಮಿಯಾ ಪ್ರಾಸ್ಟ್ರೇಟಾ. ಎಲೆ ಮೆತ್ತಗಾಗಿದೆ ಅಂತ ಬರೆದಿದ್ದೀಯ. ದಯವಿಟ್ಟು ತಕ್ಷಣ ನೀರು ಹಾಕಬೇಡ, ಮೊದಲು ಮಣ್ಣಿಗೆ ಬೆರಳಿಳಿಸಿ ನೋಡು. ಮಣ್ಣು ಪೂರ್ತಿ ಒಣಗಿದ್ದರೆ ಗಿಡಕ್ಕೆ ಬಾಯಾರಿದೆ. ಒದ್ದೆಯಿದ್ದೂ ಎಲೆ ಮೆತ್ತಗಿದ್ದರೆ ಬೇರು ಕೊಳೆತಿದೆ, ನೀರು ಹೀರಲು ಬೇರೇ ಉಳಿದಿಲ್ಲ. ನೋಡಲು ಎರಡೂ ಒಂದೇ ಥರ. ಈ ವ್ಯತ್ಯಾಸ ತಿಳಿಯದೆ ಮತ್ತೆ ಮತ್ತೆ ನೀರೆರೆಯುವುದರಿಂದಲೇ ಈ ಗಿಡ ಹೆಚ್ಚಾಗಿ ಸಾಯುತ್ತದೆ.

ನಮ್ಮ ಕರಿಮೆಣಸು, ವೀಳ್ಯದೆಲೆಯ ಕುಟುಂಬದ್ದೇ ಇದು, ತವರು ಮಾತ್ರ ದಕ್ಷಿಣ ಅಮೆರಿಕದ ಈಕ್ವೆಡಾರ್. ಅಂಗಿಗುಂಡಿಯಷ್ಟಗಲದ ದಪ್ಪ ಎಲೆಯೊಳಗೇ ನೀರು ಕೂಡಿಟ್ಟುಕೊಳ್ಳುತ್ತದೆ. ಬೇರು ತೀರಾ ಸಣ್ಣದು, ಮೇಲ್ಮಣ್ಣಿನಲ್ಲೇ ಹರಡುತ್ತದೆ. ಹಾಗಾಗಿ ಆಳದ ಕುಂಡ ಬೇಡ. 3–4 ಇಂಚು ಅಗಲವಿದ್ದು ತಳದಲ್ಲಿ ತೂತಿದ್ದರೆ ಸಾಕು. ಬರೀ ಕೆಂಪುಮಣ್ಣು ಗಟ್ಟಿಯಾಗಿ ಕೂತುಬಿಡುತ್ತದೆ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) 2 ಪಾಲು, ಪರ್ಲೈಟ್ (ನೀರು ಬಸಿಯಲು ಬೆರೆಸುವ ಹಗುರ ಬಿಳಿ ಕಲ್ಲಿನ ಹರಳು) 1 ಪಾಲು, ಆರ್ಕಿಡ್‌ಗೆ ಹಾಕುವ ತೊಗಟೆ ಚೂರು 1 ಪಾಲು ಬೆರೆಸು. ಕೊಕೊಪೀಟಿನಲ್ಲಿ ಉಪ್ಪಿನಂಶ ಇರಬಹುದು, ಎರಡು ಸಲ ತೊಳೆದೇ ಬಳಸು.

ಇಂಥ ವಾರವೇ ನೀರು ಅಂತ ನಿಗದಿ ಮಾಡಬೇಡ. ಎಲೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತು. ಬಿಗಿಯಿದ್ದರೆ ಸುಮ್ಮನಿರು. ಬಾಗಿದರೆ, ಮಣ್ಣೂ ಒಣಗಿದ್ದರೆ, ತಟ್ಟೆಯಲ್ಲಿ ನೀರಿಟ್ಟು ಕುಂಡವನ್ನು 15 ನಿಮಿಷ ನಿಲ್ಲಿಸಿ ಚೆನ್ನಾಗಿ ಬಸಿ. ಮೇಲಿಂದ ಸುರಿದ ನೀರು ಬುಡದ ಎಲೆಗಳ ನಡುವೆ ನಿಂತು ಕೊಳೆಸುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನಲ್ಲಿ, ಮಣ್ಣು ಒಣಗಲು ಬಹಳ ದಿನ ಹಿಡಿಯುತ್ತದೆ.

ಪೂರ್ವದ ಕಿಟಕಿ ಒಳ್ಳೆಯದು. ಬೆಳಕು ಸಾಲದಿದ್ದರೆ ಎಲೆಗಳ ನಡುವಿನ ಅಂತರ ಹಿಗ್ಗಿ, ಬೆಳ್ಳಿಗೆರೆ ಮಸುಕಾಗುತ್ತದೆ. ಮಧ್ಯಾಹ್ನದ ಬಿಸಿಲು ಬಿದ್ದರೆ ಎಲೆ ಸುಟ್ಟು ಬಿಳಚುತ್ತದೆ. ಚಾವಣಿಗೆ ತೀರಾ ಹತ್ತಿರ ತೂಗುಹಾಕಬೇಡ: ಕುಂಡದ ಬಾಯಿಗೆ ಬೆಳಕು ತಾಗದೆ ಬುಡ ಬೋಳಾಗುತ್ತದೆ. ಗೊಬ್ಬರ ಅಪರೂಪಕ್ಕೆ ಸಾಕು, ತಿಂಗಳಿಗೊಮ್ಮೆ ಲೀಟರ್ ನೀರಿಗೆ ಅರ್ಧ ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಲ್ಲಿ ಕರಗುವ ಗೊಬ್ಬರ).

ಬೇರು ಕೊಳೆತೇಬಿಟ್ಟಿದ್ದರೂ ಗಿಡ ಎಸೆಯಬೇಡ. ಕಪ್ಪಾಗದ ಬಳ್ಳಿಗಳನ್ನು 3–4 ಗಿಣ್ಣು ಉದ್ದಕ್ಕೆ ಕತ್ತರಿಸಿ, ತೇವದ ಮಿಶ್ರಣದ ಮೇಲೆ ಮಲಗಿಸಿ, ಗಿಣ್ಣು ಮಣ್ಣಿಗೆ ತಾಗುವಂತೆ ಹೇರ್‌ಪಿನ್ ಚುಚ್ಚು. ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿಟ್ಟು ದಿನಕ್ಕೊಮ್ಮೆ ಗಾಳಿಯಾಡಿಸು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. 4–6 ವಾರಗಳಲ್ಲಿ ಬೇರೂರುತ್ತದೆ. ಹೊಸ ಚಿಗುರು ಅದಕ್ಕಿಂತ ತಡ. ಅಲ್ಲಿಯವರೆಗೆ ಎಳೆದು ನೋಡಬೇಡ.

ನಿನ್ನ ಗೆಳೆಯ