ಹೆಸರು ಬೇಡವೆಂದ ಹಿರಿಯರಿಗೆ ಧನ್ಯವಾದ

ಶಿವಮೊಗ್ಗದ ಬಿ.ಎಚ್. ರಸ್ತೆಯ ಕ್ಯಾಥೊಲಿಕ್ ಚರ್ಚಾದ ಪವಿತ್ರ ಹೃದಯ ಪ್ರಧಾನಾಲಯದಲ್ಲಿ ಬಲಿಪೂಜೆ (ಚರ್ಚಿನ ಆರಾಧನೆ) ಮುಗಿದ ಮೇಲೆ ನನ್ನೊಡನೆ ಕುಳಿತು ಮಾತನಾಡುತ್ತಿದ್ದ, ತಮ್ಮ ಹೆಸರು ಎಲ್ಲಿಯೂ ಬರಬಾರದೆಂದು ಬಯಸುವ ಹಿರಿಯ ಅಮ್ಮನವರಿಗೆ ಈ ಕೃತಜ್ಞತೆ ಸಲ್ಲುತ್ತದೆ. ಪ್ರಾರ್ಥನೆಯನ್ನು ಕೇಳಿಸಿಕೊಳ್ಳುವವರು ಇದ್ದಾರೆಯೇ ಎಂಬ ಸಂಶಯ ಕಾಲೇಜು ದಿನಗಳಲ್ಲಿ ಹಿಡಿದಾಗ, ಮನೆಯವರು ನೊಂದುಕೊಳ್ಳುವರೆಂದು ಸುಮ್ಮನಿದ್ದೆ. ಅಮ್ಮನವರೇ, ತಮ್ಮಲ್ಲಿ ಅದನ್ನು ಹೇಳಿಕೊಂಡಾಗ ತಾವು ವಾದಕ್ಕೆ ಇಳಿಯಲಿಲ್ಲ, ಇನ್ನಷ್ಟು ಪ್ರಾರ್ಥಿಸು ಎಂದೂ ಹೇಳಲಿಲ್ಲ (ಆ ಸಲಹೆ ನನಗೆ ಬೇಕಾದಷ್ಟು ಸಿಕ್ಕಿತ್ತು). ಬದಲಿಗೆ, ಯೇಸುವಿನ ಬರವನ್ನು ಮೊದಲೇ ಸಾರಿದ್ದ ಪ್ರವಾದಿ ಸ್ನಾನಿಕ ಯೊವಾನ್ನನು ಸೆರೆಮನೆಯಲ್ಲಿದ್ದಾಗ ತನ್ನ ಶಿಷ್ಯರನ್ನು ಕಳುಹಿಸಿ, ಬರಬೇಕಾದವರು ನೀವೇಯೋ ಅಥವಾ ಬೇರೊಬ್ಬರಿಗಾಗಿ ಕಾಯಬೇಕೋ ಎಂದು ಯೇಸುವನ್ನೇ ಕೇಳಿಸಿದ ಭಾಗವನ್ನು ಮತ್ತಾಯನ ಶುಭಸಂದೇಶದ 11ನೇ ಅಧ್ಯಾಯದಿಂದ ಓದಿಸಿ, ಆ ಪ್ರಶ್ನೆಗಾಗಿ ಯೇಸು ಅವನನ್ನು ಗದರಿಸದೆ ಜನರ ಮುಂದೆ ಹೊಗಳಿದ್ದನ್ನು ತೋರಿಸಿದಿರಿ. 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆಂಬುದನ್ನು, ಆದರೂ ಅದು ಬೈಬಲಿನಲ್ಲಿ ಉಳಿದುಕೊಂಡಿದೆಯೆಂಬುದನ್ನು ತಮ್ಮಿಂದಲೇ ತಿಳಿದೆ. ಎಳೆಯರಿಗೆ ಧರ್ಮೋಪದೇಶದಲ್ಲಿ ಇವನ್ನೂ ಓದಿಸಿದರೆ ಒಳಿತೆಂಬುದು ನನ್ನ ಅನಿಸಿಕೆ. ನನ್ನ ಸಂಶಯ ಪೂರ್ತಿ ತೀರಿಲ್ಲ; ಆದರೆ ಈಗ ಅದನ್ನು ಮುಚ್ಚಿಡದೆಯೇ ಪೂಜೆಗೆ ಹೋಗುತ್ತೇನೆ, ಅಪ್ಪ ಅಮ್ಮನಿಗೂ ಹೇಳಿದ್ದೇನೆ. ತಮಗೆ ಹೃತ್ಪೂರ್ವಕ ವಂದನೆಗಳು.