ಮಗಳಿಗೊಂದು ಪತ್ರ: ಹಚ್ಚುವ ಮುಂಚೆ ಟ್ಯೂಬು ತಿರುಗಿಸಿ ಓದು

ಪ್ರೀತಿಯ ಪುಟ್ಟಿ,

ಅಮ್ಮನ ಆಶೀರ್ವಾದ. ಮುಖ ಬೆಳ್ಳಗಾಗಲು ನಾನೂ ಈ ಕ್ರೀಮು ಹಚ್ಚಲಾ ಅಂತ ಕೇಳಿ ನೀನು ಕಳಿಸಿದ ಟ್ಯೂಬಿನ ಫೋಟೊ ನೋಡಿದೆ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ರೂಮ್‌ಮೇಟ್‌ ಮುಖ ಮೂರೇ ವಾರದಲ್ಲಿ ಬೆಳ್ಳಗಾಯಿತು ಅಂದೆಯಲ್ಲ, ಅದು ನಿಜವೇ ಇರುತ್ತದೆ. ಆ ಕ್ರೀಮು ಮೊದಮೊದಲು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎಲ್ಲರೂ ಸಿಕ್ಕಿಹಾಕಿಕೊಳ್ಳುವುದೂ ಅದರಿಂದಲೇ.

ಫೋಟೊ ದೊಡ್ಡದು ಮಾಡಿ ನೋಡು. ಎಡಗಡೆ ಉದ್ದಕ್ಕೂ ಒಂದು ಕೆಂಪು ಗೆರೆ ಇದೆ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಔಷಧಿಯ ಗುರುತು ಅದು. ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಮೂರು ಹೆಸರಿವೆ: ಹೈಡ್ರೊಕ್ವಿನೋನ್ 2%, ಟ್ರೆಟಿನಾಯಿನ್ 0.025%, ಮೊಮೆಟಾಸೋನ್ 0.1%. ಮೊದಲನೆಯದು ಚರ್ಮದಲ್ಲಿ ಬಣ್ಣ ತಯಾರಾಗುವುದನ್ನು ತಡೆಯುತ್ತದೆ. ಎರಡನೆಯದು ಮೇಲಿನ ಪದರವನ್ನು ಬೇಗ ಉದುರಿಸುತ್ತದೆ. ಮೂರನೆಯದು ಸ್ಟೀರಾಯ್ಡ್, ರಕ್ತನಾಳ ಬಿಗಿಹಿಡಿದು ಕೆಂಪು, ಊತ, ಮೊಡವೆಯ ಉರಿ ಎಲ್ಲವನ್ನೂ ಅಡಗಿಸುತ್ತದೆ. ಮುಖ ತೊಳೆದಿಟ್ಟ ಹಾಗೆ ಕಾಣುತ್ತದೆ. ಚರ್ಮದ ಡಾಕ್ಟರು ಇದನ್ನು ಬರೆದುಕೊಡುವುದು ಬಂಗು ಅನ್ನುವ ಮುಖದ ಕಂದು ಕಲೆಗೆ, ಅದೂ ಕೆಲವೇ ವಾರಕ್ಕೆ, ರಾತ್ರಿ ಹೊತ್ತು, ಕಲೆ ಇರುವ ಕಡೆ ಮಾತ್ರ. ಇಡೀ ಮುಖಕ್ಕೆ ದಿನಾ ಸ್ನೋ ಬಳಿದುಕೊಂಡ ಹಾಗೆ ಬಳಿಯುವುದಕ್ಕಲ್ಲ.

ಹಾಗೆ ತಿಂಗಳುಗಟ್ಟಲೆ ಬಳಿದರೆ ಚರ್ಮ ತೆಳ್ಳಗಾಗುತ್ತದೆ. ಕೆನ್ನೆಯ ಮೇಲೆ ಕೆಂಪು ನೂಲಿನೆಳೆಯಂಥ ನರಗಳು ಕಾಣತೊಡಗುತ್ತವೆ. ಒಂದೇ ಅಳತೆಯ ಸಣ್ಣ ಮೊಡವೆಗಳು ಗುಂಪಾಗಿ ಏಳುತ್ತವೆ. ಕೆನ್ನೆ, ಗದ್ದದ ಮೇಲೆ ಕೂದಲು ದಪ್ಪವಾಗುತ್ತದೆ. ಬಿಸಿಲಿಗೆ ಹೋದರೆ, ಒಲೆ ಮುಂದೆ ನಿಂತರೆ ಮುಖ ಮೆಣಸಿನಕಾಯಿ ಸವರಿದ ಹಾಗೆ ಉರಿಯುತ್ತದೆ. ಹೆದರಿ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಉರಿ, ಕೆಂಪು ದುಪ್ಪಟ್ಟಾಗುತ್ತದೆ. ಬಿಗಿಹಿಡಿದಿದ್ದ ರಕ್ತನಾಳಗಳು ಒಮ್ಮೆಲೇ ಸಡಿಲಾಗುವುದರಿಂದ ಹಾಗೆ. ಮತ್ತೆ ಹಚ್ಚಿದರೆ ಉರಿ ತಣಿಯುತ್ತದೆ. ಆಗ ಹುಡುಗಿಗೆ ಅನಿಸುವುದು ಏನು? ‘ನನ್ನ ಮುಖವೇ ಕೆಟ್ಟದ್ದು, ಈ ಕ್ರೀಮಿನಿಂದ ತಡೆದುಕೊಂಡಿದೆ’ ಅಂತ. ನನಗೆ ಅತಿ ಸಂಕಟವಾಗುವುದು ಇದಕ್ಕೆ. ಕೆಡಿಸಿದ್ದು ಔಷಧಿ, ಬೈಸಿಕೊಂಡಿದ್ದು ಮುಖ. ಹೈಡ್ರೊಕ್ವಿನೋನ್ ವರ್ಷಗಟ್ಟಲೆ ಹಚ್ಚಿದವರಲ್ಲಿ ಕೆಲವರಿಗೆ ಕೆನ್ನೆಯಲ್ಲಿ ನೀಲಿ ಬೆರೆತ ಬೂದು ಕಪ್ಪು ಕೂರುತ್ತದೆ. ಅದನ್ನು ತೆಗೆಯುವುದು ಬಹಳ ಕಷ್ಟ.

ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು 2018ರಲ್ಲಿ ಕೇಂದ್ರ ಸರ್ಕಾರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಮೆಡಿಕಲ್ ಶಾಪಿನಲ್ಲಿ ಕೇಳಿದವರಿಗೆಲ್ಲ ಸಿಗುತ್ತದೆ. ಅದಕ್ಕೇ ಓದುವುದು ನೀನೇ ಕಲಿಯಬೇಕು. ಹೆಸರಿನ ಕೊನೆಗೆ ‘ಸೋನ್’ ಇದ್ದರೆ ಅಲ್ಲೇ ನಿಲ್ಲು: ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್. ಕ್ಲೋಬೆಟಾಸೋಲ್ ಇವೆಲ್ಲಕ್ಕಿಂತ ಜೋರು. ಹುಳಕಡ್ಡಿಗೆ ಅಂತ ಕೊಡುವ ಮೂರು ನಾಲ್ಕು ಔಷಧಿ ಬೆರೆಸಿದ ಕ್ರೀಮುಗಳಲ್ಲೂ ಇಂಥ ಸ್ಟೀರಾಯ್ಡ್ ಇರುತ್ತದೆ.

ಹೆಸರು, ವಿಳಾಸ, ಲೈಸೆನ್ಸ್ ನಂಬರ್ ಯಾವುದೂ ಇಲ್ಲದೆ ಪಾರ್ಲರಿನಲ್ಲೋ ಆನ್‌ಲೈನಿನಲ್ಲೋ ಸಿಗುವ ಡಬ್ಬಿಯಂತೂ ಮುಟ್ಟಲೇಬೇಡ. ಅಂಥವುಗಳಲ್ಲಿ ಪಾದರಸ ಸಿಕ್ಕಿದೆ. ‘ಚಿನ್ನ, ಬೆಳ್ಳಿಗೆ ತಾಗಿಸಬೇಡಿ’ ಅಂತ ಬರೆದಿದ್ದರೆ ಅನುಮಾನವೇ ಬೇಡ. ಚರ್ಮದಿಂದ ಒಳಗಿಳಿದ ಪಾದರಸ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳಿ ಮಾಡುವ ಕ್ರೀಮು ಹಚ್ಚಿದವರಲ್ಲಿ ಇಂಥ ಕಾಯಿಲೆ ಪತ್ತೆಯಾಯಿತು. ಮೂತ್ರದಲ್ಲಿ ನೊರೆ, ಕಾಲು ಮತ್ತು ಕಣ್ಣಿನ ಸುತ್ತ ಬಾವು ಅದರ ಲಕ್ಷಣ.

ಹಾಗಾದರೆ ಏನು ಮಾಡಲಿ ಅಂತ ಕೇಳುತ್ತೀಯ. ನಾಳೆ ಬೆಳಿಗ್ಗೆ ಕಿಟಕಿ ಹತ್ತಿರ ನಿಂತು ತೋಳೆತ್ತಿ, ಕಂಕುಳ ಕೆಳಗೆ ತೋಳಿನ ಒಳಭಾಗ ನೋಡು. ಬಿಸಿಲು ಕಾಣದ ಆ ಬಣ್ಣವೇ ನಿನ್ನ ಹುಟ್ಟು ಬಣ್ಣ. ಮುಖ ಅದಕ್ಕಿಂತ ಕಪ್ಪಿದ್ದರೆ ಆ ವ್ಯತ್ಯಾಸ ಹೆಚ್ಚಾಗಿ ಬಿಸಿಲಿನದು, ಮೊಡವೆ ಕಲೆಯದು, ಅಷ್ಟನ್ನು ಇಳಿಸಿಕೊಳ್ಳಬಹುದು. ಅದಕ್ಕಿಂತ ಬಿಳಿ ಮಾಡುತ್ತೇವೆ ಅನ್ನುವುದೆಲ್ಲ ಚರ್ಮಕ್ಕೆ ಹಾನಿ ಮಾಡಿಯೇ ಆಗಬೇಕು. ಬಣ್ಣ ತಯಾರಿಸುವ ಜೀವಕೋಶಗಳು ಬೆಳ್ಳಗಿರುವವರಲ್ಲೂ ನಮ್ಮಲ್ಲೂ ಹೆಚ್ಚುಕಡಿಮೆ ಅಷ್ಟೇ ಇವೆ, ನಮ್ಮವು ಬಣ್ಣದ ದೊಡ್ಡ ಕಾಳುಗಳನ್ನು ತಯಾರಿಸುತ್ತವೆ. ಆ ಕಾಳುಗಳು ಪ್ರತಿ ಕೋಶದ ನಡುವಿನ ಬೀಜದ ಮೇಲೆ ಕೊಡೆ ಹಿಡಿದ ಹಾಗೆ ಕೂತು ಬಿಸಿಲು ತಡೆಯುತ್ತವೆ. ನೀನು ಕರಗಿಸಬೇಕು ಅಂದುಕೊಂಡಿರುವುದು ಆ ಕೊಡೆಯನ್ನು.

ಬಿಸಿಲಿಗೆ ಸನ್‌ಸ್ಕ್ರೀನ್ ಸಾಕು, ಎಸ್‌ಪಿಎಫ್ 30 (ಬಿಸಿಲು ತಡೆಯುವ ಶಕ್ತಿಯ ಅಂಕೆ) ಇದ್ದರೂ ಆಯಿತು. ಚರ್ಮ ಸುಡುವ ಕಿರಣಗಳಲ್ಲಿ 30 ಸುಮಾರು 97% ತಡೆದರೆ 50 ತಡೆಯುವುದು 98%. ಎಲ್ಲರೂ ತಪ್ಪುವುದು ಅಳತೆಯಲ್ಲಿ. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿವರೆಗೆ ಗೆರೆ ಎಳೆ. ಮುಖ ಮತ್ತು ಕುತ್ತಿಗೆಗೆ ಅಷ್ಟು ಬೇಕು. ಕಡಲೆಕಾಳಿನಷ್ಟು ಹಚ್ಚಿದರೆ ಡಬ್ಬಿ ಮೇಲೆ ಬರೆದ ರಕ್ಷಣೆ ಸಿಗುವುದಿಲ್ಲ. ಹೊರಡುವ ಕಾಲು ಗಂಟೆ ಮುಂಚೆ ಹಚ್ಚು, ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಮೊಡವೆ ಹಿಸುಕಬೇಡ, ಕಲೆ ತಾನಾಗಿ ತಿಳಿಯಾಗಲು ತಿಂಗಳುಗಳೇ ಬೇಕು. ಅವಸರವಿದ್ದರೆ ಅಜೆಲಾಯಿಕ್ ಆಸಿಡ್ 10% ಕ್ರೀಮಿನ ಬಗ್ಗೆ ಡಾಕ್ಟರನ್ನು ಕೇಳು. ನಿಂಬೆರಸ ಮಾತ್ರ ಬೇಡ. ಚರ್ಮಕ್ಕಿಂತ ಎಷ್ಟೋ ಪಟ್ಟು ಹುಳಿ ಅದು, ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟು ಕಪ್ಪು ಮಚ್ಚೆ ಏಳುತ್ತದೆ.

ಕುತ್ತಿಗೆ ಹಿಂದಿನ ಕಪ್ಪನ್ನು ಸ್ಕ್ರಬ್ಬರಿನಲ್ಲಿ ಉಜ್ಜುತ್ತೀಯಲ್ಲ, ನಿಲ್ಲಿಸು. ಉಜ್ಜಿದಷ್ಟೂ ಕಪ್ಪಾಗುತ್ತದೆ. ಅಲ್ಲಿ ಚರ್ಮ ಮಖಮಲ್ಲಿನ ಹಾಗೆ ದಪ್ಪವಾಗಿದ್ದರೆ ಅದು ಕೊಳೆಯಲ್ಲ. ಬಹಳ ಸಲ ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಸೂಚನೆ. ಮುಟ್ಟೂ ಹಿಂದೆಮುಂದೆ ಆಗುತ್ತಿದ್ದರೆ ಪಿಸಿಒಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇದೆಯಾ ನೋಡಿಸಬೇಕು. ಊರಿಗೆ ಬಂದಾಗ ಖಾಲಿ ಹೊಟ್ಟೆಯ ಶುಗರ್ ಮತ್ತು ಎಚ್‌ಬಿಎ1ಸಿ (ಮೂರು ತಿಂಗಳ ಶುಗರಿನ ಸರಾಸರಿ) ಪರೀಕ್ಷೆ ಮಾಡಿಸೋಣ.

ಇನ್ನು ಮಾತಿನ ವಿಷಯ. ‘ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಮ್ಮಿ’ ಅನ್ನುತ್ತಾರಲ್ಲ, ಸಾರಿಗೆ ಉಪ್ಪು ಕಮ್ಮಿ ಅಂದ ಹಾಗೆ. ನಿನ್ನಲ್ಲಿ ಏನೂ ಕಮ್ಮಿ ಬಿದ್ದಿಲ್ಲ. 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಬಂದಾಗಿನಿಂದ ಜಾಹೀರಾತುಗಳು ಹೇಳಿದ್ದು ಒಂದೇ: ಬೆಳ್ಳಗಾದರೆ ಗಂಡು, ಕೆಲಸ, ಮರ್ಯಾದೆ. 2020ರಲ್ಲಿ ಹೆಸರಿನ ‘ಫೇರ್’ ಹೋಗಿ ‘ಗ್ಲೋ’ ಬಂತು. ಅದೇ ವರ್ಷ ಮದುವೆ ಸಂಬಂಧ ಹುಡುಕುವ ಜಾಲತಾಣ ಶಾದಿ ಡಾಟ್ ಕಾಮ್ ಮೈಬಣ್ಣ ಆರಿಸುವ ಆಯ್ಕೆ ತೆಗೆಯಿತು. ನಮ್ಮ ಮನೆಗಳ ಮಾತು ಬದಲಾಗಿಲ್ಲ. ಮದುವೆಮನೆಯಲ್ಲಿ ಯಾರಾದರೂ ಅಂದರೆ ನೀನು ನಗಬೇಕಾಗಿಲ್ಲ, ಜಗಳಕ್ಕೂ ನಿಲ್ಲಬೇಡ. ‘ನನ್ನ ಬಣ್ಣ ನನಗೆ ಸರಿಯಾಗಿದೆ ಅತ್ತೆ’ ಅಂತ ಹೇಳಿ ಮಾತು ತಿರುಗಿಸು. ಉಳಿದಿದ್ದು ನಾನು ನೋಡಿಕೊಳ್ಳುತ್ತೇನೆ.

ಸೆಲ್ಫಿ ನೋಡಿ ಮೂಗು ದಪ್ಪ ಅಂದುಕೊಳ್ಳಬೇಡ. ಒಂದಡಿ ದೂರದಿಂದ ತೆಗೆದರೆ ಮೂಗು ಐದಡಿ ದೂರದ್ದಕ್ಕಿಂತ ಸುಮಾರು 30% ಅಗಲ ಕಾಣುತ್ತದೆ. ಅದು ಲೆನ್ಸು ಹತ್ತಿರ ಇರುವುದರ ಲೆಕ್ಕ.

ಆದರೆ ದಿನಕ್ಕೆ ಗಂಟೆಗಟ್ಟಲೆ ಇದೇ ಯೋಚನೆ, ಕನ್ನಡಿ ಬಿಟ್ಟು ಏಳಲಾಗದು, ಕ್ಲಾಸಿಗೆ ಹೋಗಲು ಮನಸ್ಸಿಲ್ಲ ಅನ್ನುವಂತಿದ್ದರೆ ಮುಚ್ಚಿಡಬೇಡ ಕಂದಾ. ಅದಕ್ಕೆ ಚಿಕಿತ್ಸೆ ಇದೆ. ನನಗೆ ಹೇಳಲು ಮುಜುಗರವಾದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನಿನ್ನ ರೂಮ್‌ಮೇಟ್‌ ಎಷ್ಟು ದಿನದಿಂದ ಹಚ್ಚುತ್ತಿದ್ದಾಳೆ ಕೇಳು, ಬೈಯಬೇಡ. ಒಂದೆರಡು ವಾರವಾಗಿದ್ದರೆ ಸಾಮಾನ್ಯವಾಗಿ ಹಾಗೇ ನಿಲ್ಲಿಸಬಹುದು. ತಿಂಗಳುಗಟ್ಟಲೆ ಆಗಿದ್ದರೆ ಒಮ್ಮೆಲೇ ಬಿಡುವುದು ಬೇಡ, ಟ್ಯೂಬು ಹಿಡಿದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಲಿ. ಹಂತಹಂತವಾಗಿ ಇಳಿಸುತ್ತಾರೆ, ಉರಿ ತಡೆಯಲು ಬೇರೆ ಮುಲಾಮು ಕೊಡುತ್ತಾರೆ. ಚರ್ಮ ಸುಧಾರಿಸಲು ಕೆಲವು ತಿಂಗಳು ಹಿಡಿಯಬಹುದು, ನಡುವೆ ಮುಖ ಮೊದಲಿಗಿಂತ ಕೆಟ್ಟದಾಗಿ ಕಾಣುವ ದಿನಗಳೂ ಬರುತ್ತವೆ. ಆಗ ಅವಳು ಒಬ್ಬಳೇ ಕೂತು ಅಳದ ಹಾಗೆ ನೋಡಿಕೋ. ಡಾಕ್ಟರ ಹತ್ತಿರ ನೀನೂ ಜೊತೆಗೆ ಹೋಗು.

ನಿನ್ನ
ಅಮ್ಮ