ಹಸ್ತಪ್ರತಿ ಕಳಿಸೋರಿಗೆ

ನಮಸ್ಕಾರ್ರೀ ಎಲ್ಲಾರಿಗೂ. ಹದಿಹರೆಯದವರ ಕಾದಂಬರಿ ಬರದವರು ಸಂಪಾದಕರ ಅಭಿಪ್ರಾಯ ಬೇಕಿದ್ರ ಭಾನುವಾರ ಸಂಜಿ 6ರೊಳಗ ನನಗ ಕಳಿಸ್ರಿ.

ಮೊದಲ 3 ಅಧ್ಯಾಯ, ಜೊತಿಗೆ ಒಂದು ಪುಟದ ಕಥಾಸಾರ. ಅದರಾಗ ಕಥಿಯ ಕೊನಿಯೂ ಇರಬೇಕು. ಗುಟ್ಟು ಮಾಡಿದ್ರ ಕಥಿ ಎಲ್ಲಿ ಕುಂಟತೈತಿ ಅಂತ ಸಂಪಾದಕರಿಗೆ ಹೆಂಗ ತಿಳೀಬೇಕು? ‘ನುಡಿ’ ತಂತ್ರಾಂಶದೊಳಗ ಟೈಪ್ ಮಾಡಿದ್ರ ಯೂನಿಕೋಡಿಗೆ ಬದಲಿಸಿ ಒತ್ತಕ್ಷರ, ಅರ್ಕಾವತ್ತು ನೋಡ್ರಿ, ಕೆಡೋದು ಅಲ್ಲೇ.

ಮೊದಲು ಕಥಿಯ ಕಟ್ಟಿನ ಬಗ್ಗೆ ವರದಿ ಕೇಳ್ರಿ, ಕರಡು ತಿದ್ದಿಸೋದು ಆಮ್ಯಾಲೆ. ಮುಂದ ಇಡೀ ಅಧ್ಯಾಯನ ತೆಗಿಯೋದು ಬಂದ್ರ ಕರಡು ತಿದ್ದಿಸಿದ ಖರ್ಚು ಹೊಳ್ಯಾಗ ಹುಣಸಿಹಣ್ಣು ತೊಳದಂಗ. ಸಂಪಾದಕರ ದರ ಪುಟಕ್ಕೋ ಪದಕ್ಕೋ, ಬರವಣಿಗಿಯೊಳಗ ತಗೋರಿ.

ಮಾತುಕತಿ ಇರೋ ಭಾಗ ಜೋರಾಗಿ ಓದಿ ನೋಡ್ರಿ. ವಿಜಯಪುರದ 15 ವರ್ಷದ ಹುಡುಗಿ ಗೆಳತಿಗೆ ‘ನಾನು ಹೊರಡುತ್ತಿದ್ದೇನೆ’ ಅನ್ನಂಗಿಲ್ಲ, ‘ಹೊಂಟೆ ನಾ’ ಅಂತಾಳ.

ಕಳಿಸೋರು ಹೆಸರು, ಒಟ್ಟು ಪದಸಂಖ್ಯೆ ಇಲ್ಲೇ ಹಾಕ್ರಿ.